ನಾಲ್ಕನೆಯ ನಿಮಿಷಕ್ಕೆ ಮುಚ್ಚಿಹೋಗುವ ಸಾಫ್ಟ್‌ವೇರ್

ನಾಲ್ಕನೆಯ ನಿಮಿಷಕ್ಕೆ ಸರಿಯಾಗಿ ಪರದೆ ಸೆಟೆದು ನಿಂತಿತು. ಎಡಿಟಿಂಗ್ ಸಾಫ್ಟ್‌ವೇರ್ ಒಂದು ಮಾತೂ ಹೇಳದೆ ಮುಚ್ಚಿಕೊಂಡಿತು. ಮಧ್ಯಾಹ್ನದಿಂದ ಇದು ಐದನೆಯ ಸಲ.

“ಪಿತೂರಿ,” ಎಂದ ಕತ್ತರಿ.

ಚಿತ್ರಗಳನ್ನು ಕತ್ತರಿಸಿ ಜೋಡಿಸುವವನಿಗೆ ಓದು ಬಳಗದ ಗೆಳೆಯರು ಇಟ್ಟ ಹೆಸರು ಅದು. ಇಪ್ಪತ್ತು ವರ್ಷಗಳಿಂದ ಅವನು ಹೋರಾಟದ ಚಿತ್ರಗಳನ್ನೇ ಮಾಡುತ್ತಿದ್ದ. ಯಾವ ಸರ್ಕಾರವೂ ಅವುಗಳಲ್ಲಿ ಒಂದನ್ನಾದರೂ ನಿಷೇಧಿಸಲಿಲ್ಲವೆಂಬ ಕೊರಗು ಅವನಿಗಿತ್ತು. ಕಡೆಗೂ ಯಾರೋ ತನಗೆ ಹೆದರಿದ್ದಾರೆ ಎಂದು ಈಗ ಸಿಟ್ಟಿನ ಜೊತೆಗೆ ಸಣ್ಣ ಖುಷಿಯೂ ಆಯಿತು.

ಪಕ್ಕದ ಸ್ಟೂಲಿನ ಮೇಲಿದ್ದ ಅತ್ತಿಗೆ ಕೇಳಿದಳು: “ಯಾರದಪ್ಪ ಪಿತೂರಿ?”

“ಕಂಪನಿಯೋರದ್ದು ಅತ್ತಿಗೆ. ನಾವು ಹೊಸ ವರ್ಷನ್‌ಗೆ ಹೋಗ್ಲಿ ಅಂತ ಹಳೇದನ್ನ ಬೇಕಂತ್ಲೇ ಕೆಡಿಸ್ತಾರೆ.”

“ಹಂಗಾದ್ರೆ ಹೋಗ್ಬೇಡ. ಚಿತ್ರದಲ್ಲಿ ಆ ಗಾಜಿನ ಬಾಗಿಲು ಬರೋ ತುಂಡು ಕಿತ್ತುಹಾಕು. ಕೊಳವೆ ಒಡೆದಿದ್ದು ಕಂಡ್ರೆ ಸಾಲದಾ?”

ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಮಿಕ ಇಲಾಖೆಯಲ್ಲಿ ವಿಚಾರಣೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಬೆಯ ಕೊಳವೆ ಒಡೆದು ಒಬ್ಬಳ ಮುಂಗೈ ಬೆಂದಿತ್ತು. ಅಲ್ಲಿನ ಹನ್ನೆರಡು ಹೆಂಗಸರಲ್ಲಿ ಹನ್ನೊಂದು ಮಂದಿ ದೂರಿಗೆ ಸಹಿ ಹಾಕಿದರು. ಕೊಳವೆ ಒಡೆದೇ ಇಲ್ಲ, ದೂರು ಸುಳ್ಳು ಎಂದು ಆಡಳಿತ ಹನ್ನೊಂದು ಮಂದಿಯನ್ನೂ ಮನೆಗೆ ಕಳಿಸಿತು. ಅತ್ತಿಗೆ ಅವರಲ್ಲೊಬ್ಬಳು. ಕೊಳವೆ ಒಡೆದ ಗಳಿಗೆಯ ಮೊಬೈಲ್ ವಿಡಿಯೊವನ್ನು ಮೈದುನನಿಗೆ ತಂದುಕೊಟ್ಟವಳೂ ಅವಳೇ. ಅದನ್ನು ನಾಳೆ ಮ್ಯಾನೇಜರನ ಎದುರೇ ತೋರಿಸಿದರೆ ಹನ್ನೊಂದು ಕೆಲಸ ಮರಳಿ ಸಿಗುತ್ತವೆ. ಇಲ್ಲವಾದರೆ ಇಲ್ಲ.

ಸಹಿ ಹಾಕದ ಹನ್ನೆರಡನೆಯವಳು ಇನ್ನೂ ಅಲ್ಲೇ ಹಾಸಿಗೆಯ ಹೊದಿಕೆ ಮಡಚುತ್ತಿದ್ದಳು. ಕತ್ತರಿ ಅವಳ ಮುಖ ನೋಡಿದವನಲ್ಲ, ಆದರೂ ಬಿಟ್ಟಿರಲಿಲ್ಲ. ಹಿನ್ನೆಲೆ ದನಿಗೆ “ಹನ್ನೊಂದು ಹುಲಿಗಳು, ಒಂದು ಹೇಡಿ” ಎಂದು ಬರೆದು, ತಾನೇ ಓದಿ, ತಾನೇ ಕೇಳಿ, ತಾನೇ ಕಣ್ಣು ಒರೆಸಿಕೊಂಡಿದ್ದ.

ವಿಡಿಯೊ ಇದ್ದದ್ದು ನಲವತ್ತು ಸೆಕೆಂಡು. ಕತ್ತರಿಯ ಕೈಗೆ ಸಿಕ್ಕಿ ಅದು ಹತ್ತೊಂಬತ್ತು ನಿಮಿಷವಾಗಿತ್ತು. ಗಾಬರಿಯಲ್ಲಿ ಮೊಬೈಲ್ ಅತ್ತಿತ್ತ ತಿರುಗಿದಾಗ, ಬಟ್ಟೆ ಒಣಗಿಸುವ ಯಂತ್ರದ ಗಾಜಿನ ಬಾಗಿಲು ಅರೆ ಸೆಕೆಂಡು ಹಾದುಹೋಗಿತ್ತು. ಅದನ್ನು ಅವನು ದೊಡ್ಡದು ಮಾಡಿ, ಒಂಬತ್ತು ಸೆಕೆಂಡಿಗೆ ಎಳೆದಿದ್ದ. ಹಬೆಯ ನಡುವೆ ಗಾಜಿನಲ್ಲೊಂದು ಹೆಣ್ಣು ಮುಖ ಮೂಡಿ ಕರಗುತ್ತಿತ್ತು. ಅದು ದುಡಿಯುವ ವರ್ಗದ ಮುಖ ಎಂದು ಬಳಗಕ್ಕೆ ಮುಕ್ಕಾಲು ಗಂಟೆ ವಿವರಿಸಿದ್ದ.

“ವಿಡಿಯೊ ನಿಮ್ದು ಅತ್ತಿಗೆ, ಒಪ್ಕೋತೀನಿ. ಕಲೆ ನಂದು. ಕೈ ನಡುಗಿದ್ರೂ ಎಷ್ಟು ಚೆನ್ನಾಗಿ ಹಿಡಿದಿದ್ದೀರಿ!”

“ಅಲ್ಲಿ ನಿಂತೋರಿಗೆ ಗೊತ್ತು ಕೈ ಯಾಕೆ ನಡುಗ್ತು ಅಂತ,” ಎಂದಳು ಅತ್ತಿಗೆ.

ಹೊಸ ಆವೃತ್ತಿಗೆ ಹೋಗಬೇಕೆ, ಬೇಡವೇ? ಕತ್ತರಿ ಬಳಗವನ್ನು ಕೇಳಿದ. ಅಪ್‌ಗ್ರೇಡ್ ಎಂದರೆ ಶರಣಾಗತಿ ಎಂದು ಒಬ್ಬ ಬರೆದ. ಇನ್ನೊಬ್ಬ ಏಳು ಪ್ಯಾರಾ ಬರೆದ. ಅದರಲ್ಲಿ ಉತ್ತರವಿದ್ದಿರಬಹುದು, ಓದಿದವರಿಲ್ಲ. ಕೊನೆಗೆ ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿದ.

“ನಾಳೆ ತೋರಿಸೋದಿಟ್ಕೊಂಡು ಇವತ್ತು ಯಾರಾದ್ರೂ ಅಪ್‌ಗ್ರೇಡ್ ಮಾಡ್ತಾರಾ ಗುರುವೇ? ಹೊಸದರಲ್ಲಿ ಒಂದ್ಸಲ ಉಳಿಸಿದ ಫೈಲು ಮತ್ತೆ ಹಳೇದರಲ್ಲಿ ತೆರೆಯಲ್ಲ. ಕೆಟ್ರೆ ಪೂರ್ತಿ ಕೆಡ್ತು.”

“ಬೆಳಿಗ್ಗೆ ಎರಡು ಸಲ ಸರಿಯಾಗೇ ಓಡ್ತು ಕಣೋ.”

“ಆಗ್ಲೇ ಕೊನೇ ಪ್ರತಿ ತೆಗೆದುಬಿಡೋದಲ್ವಾ?”

“ಹೇಡಿ ಅನ್ನೋ ಮಾತಿಗೆ ಇನ್ನೂ ಸ್ವಲ್ಪ ನೋವು ತುಂಬಬೇಕಿತ್ತು.”

“ತುಂಬಿ, ತುಂಬಿ. ಬೆಳಿಗ್ಗೆಗೂ ಈಗಿಗೂ ಏನು ವ್ಯತ್ಯಾಸ?”

ಕತ್ತರಿ ಯೋಚಿಸಿದ. ಬೆಳಿಗ್ಗೆ ಅವನೊಬ್ಬನೇ ಇದ್ದ. “ಇಷ್ಟು ಸೆಕೆ ಇರ್ಲಿಲ್ಲ,” ಎಂದ.

ಫೋನ್ ಇಟ್ಟಾಗ ಅತ್ತಿಗೆ ಎದ್ದು ನಿಂತಿದ್ದಳು. “ಬೇಡ ಕಣಪ್ಪ. ಹನ್ನೊಂದು ಮನೆ ಒಲೆ ಇದರ ಮೇಲಿದೆ. ಆ ಒಂಬತ್ತು ಸೆಕೆಂಡ್ ತೆಗೆದುಬಿಡು, ನಿನ್ನ ದಮ್ಮಯ್ಯ.”

“ಹೆದರಿ ಕತ್ತರಿಸಿದ್ರೆ ಅದು ಸೆನ್ಸಾರ್ ಆಗುತ್ತೆ ಅತ್ತಿಗೆ!”

ಹೀಗೆ ಗುಡುಗಿದವನು, ಶರಣಾಗತಿಯ ಗುಂಡಿಯನ್ನು ಒತ್ತಿದ.

ನಲವತ್ತು ನಿಮಿಷ ಪರದೆಯ ಮೇಲೆ ನೀಲಿ ಪಟ್ಟಿ ತೆವಳಿತು. ಕತ್ತರಿ ಉಗುರು ಕಚ್ಚಿದ. ಅತ್ತಿಗೆ ಮತ್ತೆ ಸ್ಟೂಲಿನ ಮೇಲೆ ಕೂತು, ಮೇಜಿನ ಕೆಳಗೆ ಕಾಲು ಚಾಚಿದಳು. ಫೈಲು ತೆರೆಯಿತು. ಚಿತ್ರ ಓಡಿತು. ಒಂದು ನಿಮಿಷ, ಎರಡು, ಮೂರು. ನಾಲ್ಕಕ್ಕೆ ಗಾಜಿನ ಮುಖ ಮೂಡಿತು, ಪರದೆ ಸೆಟೆದು ನಿಂತಿತು.

ಆದರೆ ಹೊಸ ಸಾಫ್ಟ್‌ವೇರ್ ಮುಚ್ಚಿಕೊಳ್ಳಲಿಲ್ಲ. ಹಳೆಯದು ಕಾರಣ ಹೇಳದೆ ಸಾಯುತ್ತಿತ್ತು. ಇದು ಬದುಕಿ ಉಳಿದು ಕೆಂಪಕ್ಷರದಲ್ಲಿ ಚಾಡಿ ಹೇಳಿತು: ಹೊರಗಿನ ಡಿಸ್ಕ್‌ನ ಸಂಪರ್ಕ ತಪ್ಪಿದೆ. ಕೇಬಲ್ ನೋಡಿ.

ಕತ್ತರಿ ಮೇಜಿನ ಕೆಳಗೆ ಬಗ್ಗಿದ. ಚಿತ್ರವೆಲ್ಲ ತುಂಬಿದ್ದ ಡಿಸ್ಕ್ ಕೆಳಗಿನ ಹಲಗೆಯ ಮೇಲಿತ್ತು. ಅದರ ಸಡಿಲ ಕೇಬಲ್ಲನ್ನು ಅತ್ತಿಗೆಯ ಕಾಲಿನ ಹೆಬ್ಬೆರಳು ಭದ್ರವಾಗಿ ಅದುಮಿತ್ತು.

“ಅತ್ತಿಗೆ! ನೀವಾ? ಹೋಗ್ತಿದ್ದದ್ದು ನಿಮ್ಮ ಕೆಲಸ ಅಲ್ವಾ! ಕಾರಣ ಬಾಯಿಬಿಟ್ಟು ಹೇಳಬಾರದಿತ್ತಾ?”

“ನಿನಗೆ ಹೇಳಿದ್ದು ಸಂಜೆಗೆ ನಿಮ್ಮ ಬಳಗದ ಠರಾವಾಗುತ್ತೆ. ಯಾರಿಗೂ ಹೇಳಲ್ಲ ಅಂತ ನಾನು ಅವಳಿಗೆ ಮಾತು ಕೊಟ್ಟಿದ್ದೆ.”

“ಯಾವಳಿಗೆ?”

ಅತ್ತಿಗೆ ಹೆಬ್ಬೆರಳು ಎತ್ತಿ, ಪರದೆಯಲ್ಲಿ ನಿಂತಿದ್ದ ದುಡಿಯುವ ವರ್ಗದ ಮುಖದತ್ತ ಕೈ ತೋರಿಸಿದಳು: “ವಿಡಿಯೊ ಹಿಡಿದೋಳು ನಾನಲ್ಲಪ್ಪ, ನೀನು ಹೇಡಿ ಅಂತ ಬರೆದೆಯಲ್ಲ, ಅವಳು.”