ನೀರೊಳಗಿನ ಬಾಗಿಲು

ಪರದೆಯ ಮೇಲೆ ಒಂದು ಊರು ಮುಳುಗಿತ್ತು. ಅಡುಗೆಮನೆಯ ಪಾತ್ರೆಗಳ ನಡುವೆ ಮೀನುಗಳು ಈಜುತ್ತಿದ್ದವು. ಪುಟ್ಟ ಹುಡುಗಿಯೊಬ್ಬಳು ನೀರಿನ ತಳಕ್ಕೆ ಇಳಿದು ತನ್ನ ಮನೆಯ ಬಾಗಿಲು ತಟ್ಟಿದಳು. ಬಾಗಿಲು ಮೆಲ್ಲಗೆ ತೆರೆಯಿತು.

ಜಪಾನಿನ ಆ ಕಾರ್ಟೂನ್ ಸಿನಿಮಾ ಅಲ್ಲಿಗೆ ಮುಗಿದು ದೀಪ ಹತ್ತಿತು. ಸಭಾಂಗಣದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಏಳಲೂ ಇಲ್ಲ.

ರಾಜಧಾನಿಯಿಂದ ಬಂದಿದ್ದ ವಿಮರ್ಶಕರು ಮೈಕು ಹಿಡಿದರು. "ಇದು ವಾಸ್ತವ ಅಲ್ಲ, ಕನಸಿನ ಭಾಷೆ. ಇಲ್ಲಿ ನೀರು ಅಂದರೆ ನಮ್ಮ ಸುಪ್ತ ಮನಸ್ಸು. ನಿಮಗೆಲ್ಲ ಏನನ್ನಿಸ್ತು?"

ಮುಂದಿನ ಸಾಲಿನ ಮುದುಕನೊಬ್ಬ ಟವೆಲಿನಿಂದ ಮುಖ ಮುಚ್ಚಿಕೊಂಡ. ಸಂಘಟಕ ಓಡಿಬಂದು ವಿಮರ್ಶಕರ ಕಿವಿಯಲ್ಲಿ ಉಸುರಿದ: "ಸಾಕ ಬಿಡ್ರಿ ಸರ, ಚಾ ಕುಡಿಯೋಣು ಬರ್ರಿ."

ಅವರು ಕೈಯೆತ್ತಿ ಅವನನ್ನು ತಡೆದರು. ದನಿ ಗಡುಸಾಯಿತು. "ಅರ್ಥ ಆಗದಿದ್ದರೆ ಸಂಕೋಚ ಬೇಡ. ಇಂಥ ಸಿನಿಮಾ ನೋಡೋಕೂ ಒಂದು ತಯಾರಿ ಬೇಕು."

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. ಎಲ್ಲರ ತಲೆಗಳೂ ಅವಳತ್ತ ತಿರುಗಿದವು.

"ಎಲ್ಲಾ ಅರ್ಥ ಆಗೇತ್ರಿ ಸರ. ಆದ್ರ ಅದರಾಗ ಒಂದ್ ಸುಳ್ಳ ಐತಿ."

"ಒಂದೇ?" ವಿಮರ್ಶಕರು ನಕ್ಕರು. "ಹಾಗಾದರೆ ಅಡುಗೆಮನೇಲಿ ಮೀನು ಈಜೋದು ನಿಜವೇನಮ್ಮ?"

"ಅದು ಖರೇನ ಐತ್ರಿ. ಬಾಗಲಾ ಸುಳ್ಳು."

"ಬಾಗಿಲೇ?"

"ಹೌದ್ರಿ. ಡ್ಯಾಮಿನ ನೀರಾಗ ಊರು ಮುಳಗತೈತಿ ಅಂತ ಗೊತ್ತಾದ ಮ್ಯಾಲ ಬಾಗಲಾ ಯಾರರೆ ಬಿಟ್ಟ ಬರ್ತಾರೇನ್ರಿ? ಇಲ್ಲಿ ಕುಂತವ್ರೆಲ್ಲಾ ಚೌಕಟ್ಟ ಸಮೇತ ಕಿತ್ಕೊಂಡ ಬಂದೀವಿ."