ಕಾವಿಗೆ ಕೂತ ಕೋಳಿ

ನೆನೆಸಿದ ತೌಡಿನ ವಾಸನೆ ಬಂದರೆ ಈಗಲೂ ಕಿರಂಗೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಕೆಲಸ ಹೋಗಿ, ನಾವು ಮೈಸೂರು ಬಿಟ್ಟು ತಾತನ ಮನೆಗೆ ಬಂದಿದ್ದೆವು. ಪೇಟೆಯಲ್ಲೇ ಬೆಳೆದ ಅಮ್ಮ ನಾಟಿಕೋಳಿ ಸಾಕಲು ಹೊರಟಾಗ ಬೀದಿಯವರೆಲ್ಲ ನಕ್ಕಿದ್ದರು. ಕೆಲವನ್ನು ಮುಂಗುಸಿ ಹಿಡಿದಿತ್ತು. ಉಳಿದವುಗಳಲ್ಲಿ ಕೆಂಪು ಕೋಳಿಯೊಂದು ಮೊದಲ ಸಲ ಕಾವಿಗೆ ಕೂತಿತ್ತು.

ಆ ದಿನ ನೆಂಟರು ಬಂದರು. ಬೇರೆ ಕೋಳಿಗಳು ಮೇಯಲು ಹೋಗಿದ್ದವು. ಕೈಗೆ ಸಿಗುವಂತಿದ್ದದ್ದು ಕೆಂಪು ಕೋಳಿ ಮಾತ್ರ. ಅದನ್ನೇ ಸಾರಿಗೆ ಹಿಡಿಯಲು ತಾತ ಹಿತ್ತಿಲಿಗೆ ಬಂದು ಅಮ್ಮನಿಗೆ ಹೇಳಿದರು.

"ಮೊಟ್ಟೆ ಓದ್ರೆ ಓಗ್ಲಿ ಬುಡವ್ವ. ಪ್ಯಾಟೆಯೋರ ಕೈಲಿ ಮರಿ ಎಲ್ಲಾಯ್ತವೆ?"

ನಾನು ಕೋಳಿಯ ಮೇಲೆ ಕವುಚಿದ್ದ ಬಿದಿರು ಕುಕ್ಕೆಯನ್ನು ತಬ್ಬಿ ಕೂತೆ. ಸಿಬಿರು ತೋಳಿಗೆ ಚುಚ್ಚುತ್ತಿತ್ತು.

"ಏಳವ್ವ ಮೇಲಕ್ಕೆ" ಎಂದರು ತಾತ.

ತೌಡು ಕಲಸುತ್ತಿದ್ದ ಅಮ್ಮ ಅದೇ ಕೈಯಲ್ಲಿ ಬಂದು ನನ್ನ ಪಕ್ಕ ನಿಂತಳು. ಅವಳು ತಾತನಿಗೆ ಎದುರಾಡಿದ್ದನ್ನು ನಾನು ಕಂಡಿರಲೇ ಇಲ್ಲ.

"ಅವಳು ಏಳಲ್ಲ ಮಾವ. ಕೋಳಿ ನನ್ನದು. ಸಾರಿಗೆ ಕೊಡಲ್ಲ."

ತಾತ ಒಳಗೆ ಹೋದರು. ನೆಂಟರು ಬರೀ ಸೊಪ್ಪಿನ ಉಪ್ಸಾರಿನಲ್ಲಿ ಮುದ್ದೆ ಉಂಡರು.

ಮರಿಗಳು ಓಡಾಡುವಂತಾದಾಗ ಅಮ್ಮ ಅವನ್ನು ಹಿತ್ತಿಲಲ್ಲಿ ಬಿಡಲಿಲ್ಲ. ತಾಯಿಕೋಳಿಯ ಸಮೇತ ತಂದು, ನಕ್ಕಿದ್ದವರಿಗೆಲ್ಲ ಕಾಣುವಂತೆ ಬೀದಿ ಬಾಗಿಲ ಮುಂದೆಯೇ ಬಿಟ್ಟಳು.