ಮಣ್ಣಿನ ಹೆಜ್ಜಾರ್ಲೆ

“ಇದ್ಯಾಕೆ ನಿಲ್ತಿಲ್ಲ?”

ಸುಮಾ ಯಾರನ್ನೂ ಕುರಿತು ಕೇಳಿದ್ದಲ್ಲ. ಅವಳ ಮಣ್ಣಿನ ಹೆಜ್ಜಾರ್ಲೆ ಮತ್ತೆ ಮುಗ್ಗರಿಸಿ, ಉದ್ದನೆಯ ಕೊಕ್ಕನ್ನು ಹಲಗೆಗೆ ಕುಟ್ಟಿಕೊಂಡು ಬಿದ್ದಿತ್ತು. ಹಿಂದೆ ಕುಳಿತಿದ್ದ ಅಜ್ಜಿ ದ್ರೌಪದಮ್ಮನ ಬಾಯಲ್ಲಿದ್ದ ದೇವರ ಪದ ಅಲ್ಲಿಗೇ ನಿಂತಿತು. ಯಲಹಂಕ ಕೆರೆ ಏರಿಯ ಮೇಲೆ ಅಂದು ಹಕ್ಕಿ ಹಬ್ಬ. ಶಾಮಿಯಾನದ ಕೆಳಗೆ ಹತ್ತಾರು ಶಾಲೆಯ ಮಕ್ಕಳು ಮೊಣಕೈವರೆಗೂ ಕೆಸರಾಗಿ ಕೆರೆಯ ಹಕ್ಕಿಗಳನ್ನು ಮಾಡುತ್ತಿದ್ದರು. ಹಕ್ಕಿ ತನ್ನ ಎರಡು ಕಾಲ ಮೇಲೆ ತಾನೇ ನಿಲ್ಲಬೇಕು. ಹಬ್ಬ ನಡೆಸುವ ರಘುನಾಥ್ ರಟ್ಟಿನಿಂದ ಗಾಳಿ ಬೀಸಿದರೂ ಅಲ್ಲಾಡಬಾರದು. ನಿಯಮ ಅಷ್ಟೇ.

“ಏನೇ ಇದು, ಹೆಜ್ಜಾರ್ಲೆನಾ, ಕುಡಿದು ಬಿದ್ದಿರೋ ಬಾತುಕೋಳಿನಾ?” ಅಂದ ಸಹಕಾರನಗರದ ವಾಸು. ಅವನ ಮೋಟು ಕೊಕ್ಕಿನ ಹಕ್ಕಿ ಆಗಲೇ ಠೀವಿಯಿಂದ ನಿಂತಿತ್ತು. “ಕೆರೆಗೆ ಕೈ ಮುಗಿದ್ಯಲ್ಲ, ಅದನ್ನೇ ಕೇಳು, ನಿಲ್ಸುತ್ತೆ.”

ಮಕ್ಕಳೆಲ್ಲ ಕಿಸಕ್ಕೆಂದರು. ದ್ರೌಪದಮ್ಮ ಮೊಮ್ಮಗಳ ಪಕ್ಕಕ್ಕೆ ಸರಿದು ಕುಳಿತರು. ಗಣೇಶನ ಹಬ್ಬಕ್ಕೆ ಮಣ್ಣು ತರುವಾಗ ಮೊದಲು ಕೆರೆಯನ್ನು ಕೇಳುವುದು ಹುಣಸಮಾರನಹಳ್ಳಿಯ ಅವರ ಮನೆಯ ಪದ್ಧತಿ. ಅದರಂತೆ ಬೆಳಿಗ್ಗೆ ಮೊಮ್ಮಗಳನ್ನು ನೀರಿನ ಅಂಚಿಗೆ ಕರೆದೊಯ್ದು, “ತಾಯಿ, ಒಂದು ಹಿಡಿ ಮಣ್ಣು ಕೊಡು, ಕೆಲಸ ಆದ್ಮೇಲೆ ನಿನ್ನ ಮಡಿಲಿಗೇ ತಂದು ಆಕ್ತೀವಿ” ಎಂದು ಹೇಳಿಸಿ ಕೈ ಮುಗಿಸಿದ್ದರು. ಈಗ ಅದೇ ಮಗುವಿಗೆ ಮುಳುವಾಗಿತ್ತು. ಊರ ಶಾಲೆಯಿಂದ ಈ ಹಬ್ಬಕ್ಕೆ ಬಂದವಳು ಅವಳೊಬ್ಬಳೇ.

“ಕೊಕ್ಕು ಚಿಕ್ಕದು ಮಾಡ್ಬುಡವ್ವ, ನಿಲ್ತದೆ,” ಎಂದರು ಮೆಲ್ಲಗೆ.

“ಆಗ ಅದು ಹೆಜ್ಜಾರ್ಲೆ ಹೆಂಗಾಗುತ್ತಜ್ಜಿ?”

ಸುಮಾ ಕೈಯ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡು ಎದ್ದಳು. ಏರಿಯ ತುದಿಯಲ್ಲಿ ಮಕ್ಕಳಿಗೆಂದು ನಿಲ್ಲಿಸಿದ್ದ ದುರ್ಬೀನಿಗೆ ಕಣ್ಣಿಟ್ಟವಳು ಜಪ್ಪಯ್ಯ ಅಂದರೂ ಕದಲಲಿಲ್ಲ. ಕೆರೆಯ ನಡುವಿನ ದಿಬ್ಬದ ಮೇಲೆ ನಿಜವಾದ ಹೆಜ್ಜಾರ್ಲೆಗಳು ಬಿಸಿಲು ಕಾಯಿಸುತ್ತಿದ್ದವು. ಇತ್ತ ರಘುನಾಥ್ ರಟ್ಟು ಹಿಡಿದು ಮೊದಲ ಸಾಲಿಗೆ ಬಂದೇಬಿಟ್ಟರು. “ಸುಮಾ, ಬಾರೇ, ಹೊತ್ತಾಯ್ತು!” ಎಂದು ದ್ರೌಪದಮ್ಮ ಕೂಗಿದರೆ ಕೇಳುವವರು ಯಾರು?

ಕೊನೆಗೆ ಓಡಿ ಬಂದವಳ ಮುಖವೇ ಬೇರೆಯಾಗಿತ್ತು. “ಅದು ಕೊಕ್ಕನ್ನ ಮುಂದಕ್ಕೆ ಚಾಚ್ಕೊಂಡು ನಿಲ್ಲಲ್ಲ ಅಜ್ಜಿ! ಕತ್ತು ಹಿಂದಕ್ಕೆಳ್ಕೊಂಡು ಎದೆ ಮೇಲೆ ಒರಗಿಸ್ಕೊಳ್ಳುತ್ತೆ!” ಅನ್ನುತ್ತಲೇ ಮಣ್ಣಿನ ಕತ್ತನ್ನು ಹಿಂದಕ್ಕೆ ಬಾಗಿಸಿದಳು, ಕೊಕ್ಕನ್ನು ಇಳಿಸಿ ಎದೆಗೆ ಆನಿಸಿದಳು, ಬೇವಿನ ಕಡ್ಡಿಯ ಕಾಲುಗಳನ್ನು ಅಗಲಿಸಿ ಕೈ ಬಿಟ್ಟಳು.

ಹಕ್ಕಿ ನಿಂತಿತು.

ರಘುನಾಥ್ ವಾಸುವಿನ ಹಕ್ಕಿಗೆ ಗಾಳಿ ಬೀಸಿದರು. ಅದೂ ಬೀಳಲಿಲ್ಲ. “ನಿಂತಿದೆ, ಸರಿ. ಆದರೆ ಇಷ್ಟು ಮೋಟು ಕೊಕ್ಕಲ್ಲಿ ಮೀನು ಹಿಡಿಯೋದು ಹೆಂಗೋ ಮಗಾ? ಇದು ಪಾರಿವಾಳ ಕಣೋ,” ಎಂದು ನಕ್ಕು ಸುಮಾಳ ಕಡೆ ತಿರುಗಿದರು. ಒಮ್ಮೆ ಬೀಸಿದರು. ರಟ್ಟನ್ನು ಎರಡು ಕೈಯಲ್ಲಿ ಹಿಡಿದು ಜೋರಾಗಿ ಬೀಸಿದರು. ಅವರ ಕೂದಲೇ ಹಾರಿತೇ ವಿನಾ ಹೆಜ್ಜಾರ್ಲೆ, ಪೂಜೆಗೆ ಕೂತ ಪುರೋಹಿತರ ಹಾಗೆ, ಮಿಸುಕಲಿಲ್ಲ. “ಇದಪ್ಪಾ ಹೆಜ್ಜಾರ್ಲೆ! ಫಸ್ಟ್ ಪ್ರೈಜ್!” ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ. ವಾಸು ಕೂಡ ಬಾಯಿಗೆ ಬೆರಳಿಟ್ಟು ಶಿಳ್ಳೆ ಹೊಡೆದ. ದ್ರೌಪದಮ್ಮನ ತುಟಿಯಲ್ಲಿ ಅರ್ಧಕ್ಕೆ ನಿಂತಿದ್ದ ಪದ ತಾನಾಗಿ ಮುಂದುವರಿಯಿತು.

“ಇದನ್ನ ನಮ್ಮ ಸಂಘದ ಆಫೀಸಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡ್ತೀವಿ ಪುಟ್ಟಿ. ಕೆಳಗೆ ನಿನ್ನ ಹೆಸರು, ನಿಮ್ಮ ಸ್ಕೂಲ್ ಹೆಸರು. ಕೊಡ್ತೀಯಾ?” ಎಂದರು ರಘುನಾಥ್.

ಗಾಜಿನ ಪೆಟ್ಟಿಗೆ! ದ್ರೌಪದಮ್ಮನಿಗೆ ಅದು ಕಣ್ಣೆದುರಿಗೇ ಬಂದು ನಿಂತಂತಾಯಿತು. ನೆಂಟರನ್ನೆಲ್ಲ ಕರೆತಂದು ತೋರಿಸಬಹುದು. “ಕೊಡವ್ವ, ಕೊಡು. ಅವ್ರೇ ಕೇಳ್ತಾವ್ರೆ,” ಎಂದರು ಉಬ್ಬಿ.

ಸುಮಾ ಅಜ್ಜಿಯ ಮುಖವನ್ನು ಅಚ್ಚರಿಯಿಂದ ನೋಡಿದಳು. ಆಮೇಲೆ ಹಕ್ಕಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬೆಳಿಗ್ಗೆ ಇಳಿದಿದ್ದ ಮೆಟ್ಟಿಲುಗಳನ್ನೇ ಇಳಿಯತೊಡಗಿದಳು. ಏನೋ ಮೆರವಣಿಗೆ ಎಂದುಕೊಂಡು ಮಕ್ಕಳ ದಂಡು ಜೈಕಾರ ಹಾಕುತ್ತ ಬೆನ್ನು ಹತ್ತಿತು, ಪಾರಿವಾಳ ಹಿಡಿದ ವಾಸುವೂ ಸೇರಿ. ನೀರು ಅವಳ ಕಾಲ್ಗೆಜ್ಜೆಯನ್ನು ಮುಟ್ಟಿತು.

“ಅಯ್ಯೋ, ನೆನೆದು ಕರಗಿ ಹೋಗುತ್ತೆ ಪುಟ್ಟಿ! ಕೊಡಮ್ಮ ಇಲ್ಲಿ!” ರಘುನಾಥ್ ಮೇಲಿನಿಂದ ಕೈ ಚಾಚಿದರು.

“ಕೊಡಲ್ಲ ಸಾರ್,” ಎಂದಳು ಸುಮಾ, ಹಿಂದಿರುಗಿ ನೋಡದೆ. “ಇದು ಕೇಳ್ಕೊಂಡು ತಂದಿದ್ದು.”